ಹಿತ್ತಾಳೆ ಶಿರಸ್ತ್ರಾಣ: ಬೆಳಗುವ ಮುನ್ನ ಕೇಳಬೇಕಾದ ಕಥೆ



ಗೋರಂಟ್ಲ, ಹಿಂದೂಪುರ, ಕಲ್ಯಾಣದುರ್ಗದ ಕಡೆ ಹಿತ್ತಾಳೆ ಬೆಳಗುವುದು ಹೇಗೆಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಹುಣಸೆಹಣ್ಣು, ಚಿಟಿಕೆ ಉಪ್ಪು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು ಎಂದು ಹೇಳುತ್ತಾರೆ. ಹಿಂದೂಪುರದ ಪೇಟೆಯೇ ಹುಣಸೆಹಣ್ಣಿಗೆ ಹೆಸರಾದದ್ದು. ನಮಗೆ ಅದಕ್ಕೆಂದೂ ಬರವಿಲ್ಲ. ಹಬ್ಬದ ಹಿಂದಿನ ದಿನ ಬಿಂದಿಗೆ, ದೀಪ, ಚರ್ಚಿನ ಮೇಣದಬತ್ತಿಯ ಕಂಬ ಎಲ್ಲವೂ ಈ ಹುಳಿಯಲ್ಲಿ ಮಿಂದು ಚಿನ್ನದಂತೆ ಹೊಳೆಯುತ್ತವೆ. ದಿನಬಳಕೆಯ ಪಾತ್ರೆಗೆ ಈ ವಿದ್ಯೆ ಸಾಕು.

ಆದರೆ ಹಿತ್ತಾಳೆಯ ಕೆಲವು ವಸ್ತುಗಳನ್ನು ಹೀಗೆ ಉಜ್ಜಬಾರದು. ಅಂಥವುಗಳಲ್ಲಿ ಒಂದು, ನೂರು ವರ್ಷಗಳ ಹಿಂದೆ ಬೆಂಕಿ ನಂದಿಸುವವರು ತಲೆಗೆ ಹಾಕುತ್ತಿದ್ದ ಶಿರಸ್ತ್ರಾಣ. ಹಳೆಯ ಬಂಗಲೆಯ ಅಟ್ಟದಲ್ಲಿ, ಗುಜರಿ ಅಂಗಡಿಯ ಮೂಲೆಯಲ್ಲಿ, ಹಳೆ ಸಾಮಾನಿನ ಹರಾಜಿನಲ್ಲಿ ಇಂಥದ್ದು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. ಕಪ್ಪಾಗಿರುತ್ತದೆ, ಅಲ್ಲಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ, ಒಂದೆರಡು ಕಡೆ ಜಜ್ಜಿರುತ್ತದೆ. ಅದನ್ನು ಸರಿಪಡಿಸುವುದು ಹೇಗೆ? ಅದಕ್ಕಿಂತ ಮೊದಲು, ಅದರಲ್ಲಿ ಸರಿಪಡಿಸಬೇಕಾದದ್ದು ಯಾವುದು, ಹಾಗೆಯೇ ಬಿಡಬೇಕಾದದ್ದು ಯಾವುದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಟೋಪಿಯ ಚರಿತ್ರೆ ಗೊತ್ತಿರಬೇಕು.

ಕೊಡದಿಂದ ದಳದವರೆಗೆ

ನಮ್ಮ ಸೀಮೆ ಮಳೆ ಕಡಿಮೆಯ ಸೀಮೆ. ಬೇಸಗೆಯಲ್ಲಿ ಹುಲ್ಲಿನ ಬಣವೆಗೋ ಗರಿಯ ಸೂರಿಗೋ ಕಿಡಿ ತಗುಲಿದರೆ ಊರಿಗೆ ಊರೇ ಕೊಡ ಹಿಡಿದು ಓಡಬೇಕಿತ್ತು. ಬಾವಿಯಿಂದ ಬೆಂಕಿಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ನೀರು ಸಾಗಿಸುತ್ತಿದ್ದರು. ಆಗ ಅಗ್ನಿಶಾಮಕ ದಳವೆಂದರೆ ನೆರೆಹೊರೆಯವರೇ.

ಬೆಂಕಿಗೆ ಬಡವರ ಗುಡಿಸಲು, ದೊರೆಯ ಅರಮನೆ ಎಂಬ ಭೇದವಿಲ್ಲ. 1897ರಲ್ಲಿ ಮೈಸೂರಿನಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಈಗ ನಾವು ನೋಡುವ ಅರಮನೆಯನ್ನು ಹೆನ್ರಿ ಅರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಕಟ್ಟಿ ಮುಗಿಸಿದ್ದು 1912ರಲ್ಲಿ. ಅದರ ಕಲ್ಯಾಣ ಮಂಟಪದ ಕಂಬಗಳು ಮರದವಲ್ಲ, ಗ್ಲ್ಯಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದವು. ಮದುವೆಯ ಮನೆಯಲ್ಲಿ ಮರ ಹೋಗಿ ಕಬ್ಬಿಣ ಬಂತು.

ಯುರೋಪಿನ ನಗರಗಳೂ ಇಂಥ ದುಃಖಗಳಿಂದಲೇ ಕಲಿತವು. 1810ರ ಜುಲೈ 1ರಂದು ಪ್ಯಾರಿಸ್ಸಿನಲ್ಲಿ ಆಸ್ಟ್ರಿಯಾದ ರಾಯಭಾರಿ ಏರ್ಪಡಿಸಿದ್ದ ನೃತ್ಯಕೂಟದಲ್ಲಿ ಬೆಂಕಿ ಬಿದ್ದು ಹಲವರು ಸತ್ತರು. ಚಕ್ರವರ್ತಿ ನೆಪೋಲಿಯನ್ ಕೂಡ ಆ ಕೂಟದಲ್ಲಿದ್ದ. ಮರುವರ್ಷವೇ, 1811ರಲ್ಲಿ, ಅವನು ಪ್ಯಾರಿಸ್ಸಿಗೆ ಸೈನಿಕ ಶಿಸ್ತಿನ ಅಗ್ನಿಶಾಮಕ ದಳವನ್ನು ಕಟ್ಟಿಸಿದ. ಆ ದಳದವರು ಸೈನಿಕರಂತೆ ಲೋಹದ ಶಿರಸ್ತ್ರಾಣ ಧರಿಸುತ್ತಿದ್ದರು.

ಲಂಡನ್ನಿನ ದಳದವರ ತಲೆಯ ಮೇಲೆ ಆಗ ಇದ್ದದ್ದು ಚರ್ಮದ ಟೋಪಿ. ಅವರ ಮುಖ್ಯಸ್ಥ ಜೇಮ್ಸ್ ಬ್ರೈಡ್‌ವುಡ್. ಮೊದಲು ಎಡಿನ್‌ಬರೋದಲ್ಲಿ ದಳ ಕಟ್ಟಿ, 1833ರಲ್ಲಿ ಲಂಡನ್ನಿಗೆ ಬಂದವನು. 1861ರ ಜೂನ್ 22ರಂದು ಥೇಮ್ಸ್ ನದಿಯ ದಡದ ಟೂಲಿ ಬೀದಿಯ ಗೋದಾಮುಗಳಿಗೆ ಬೆಂಕಿ ಹತ್ತಿತು. ದಣಿದ ತನ್ನ ಜನರ ನಡುವೆ ಓಡಾಡುತ್ತಿದ್ದ ಬ್ರೈಡ್‌ವುಡ್ ಮೇಲೆ ಗೋಡೆ ಕುಸಿದುಬಿತ್ತು. ಅಷ್ಟು ದೊಡ್ಡ ಗೋಡೆಯಿಂದ ಯಾವ ಟೋಪಿಯೂ ಕಾಪಾಡಲಾರದು. ಆದರೂ ಬೆಂಕಿಗೆ ಎದುರಾಗಿ ಹೋಗುವವನ ತಲೆಯ ಬಗ್ಗೆ ನಗರವೊಂದು ಗಂಭೀರವಾಗಿ ಯೋಚಿಸತೊಡಗಿದ್ದು ಆ ಕಾಲದಲ್ಲಿ.

ಬ್ರೈಡ್‌ವುಡ್ ನಂತರ ಬಂದವನು ಐರ್ಲೆಂಡಿನ ಕ್ಯಾಪ್ಟನ್ ಐರ್ ಮ್ಯಾಸಿ ಶಾ. 1866ರಲ್ಲಿ ಲಂಡನ್ನಿನ ದಳ ವಿಮಾ ಕಂಪನಿಗಳ ಕೈಯಿಂದ ಸರ್ಕಾರಿ ಆಡಳಿತಕ್ಕೆ ಬಂತು. ಪ್ಯಾರಿಸ್ಸಿನ ದಳದವರ ಶಿರಸ್ತ್ರಾಣಗಳನ್ನು ನೋಡಿ ಮೆಚ್ಚಿದ್ದ ಶಾ, 1860ರ ದಶಕದ ಕೊನೆಯ ಭಾಗದಲ್ಲಿ ತನ್ನವರಿಗೂ ಹಿತ್ತಾಳೆಯ ಟೋಪಿ ಕೊಡಿಸಿದ. ಬೆಂಕಿಯಂತ್ರಗಳನ್ನು ತಯಾರಿಸುತ್ತಿದ್ದ ಮೆರ್ರಿವೆದರ್ ಕಂಪನಿಯ ಹೆಸರು ಆ ಮಾದರಿಗೆ ಅಂಟಿಕೊಂಡಿತು. ಈಗಲೂ ಸಂಗ್ರಹಕಾರರು ಅದನ್ನು ಮೆರ್ರಿವೆದರ್ ಹೆಲ್ಮೆಟ್ ಎಂದೇ ಕರೆಯುತ್ತಾರೆ.

ಪ್ರತಿ ಭಾಗಕ್ಕೂ ಒಂದು ಕೆಲಸ

ಈ ಟೋಪಿಯನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದರೆ ಎಲ್ಲವೂ ಅಲಂಕಾರಕ್ಕೆ ಎನಿಸುತ್ತದೆ. ಆದರೆ ಅಲ್ಲಿ ಸುಮ್ಮನೆ ಇರುವುದು ಬಹಳ ಕಡಿಮೆ.

ನಡುನೆತ್ತಿಯ ಮೇಲೆ ಕೋಳಿಯ ಜುಟ್ಟಿನಂತೆ ಎದ್ದು ನಿಂತ ಏಣು ಇದೆ. ಮೇಲಿನಿಂದ ಬೀಳುವ ಹೆಂಚು, ಮರದ ತುಂಡು ಮೊದಲು ಈ ಏಣಿಗೆ ಬಡಿದು ಪಕ್ಕಕ್ಕೆ ಜಾರುತ್ತದೆ. ತೆಳು ತಗಡಿಗೆ ಬಲವೂ ಸಿಗುತ್ತದೆ. ಏಣಿನ ಎರಡೂ ಬದಿ ಬೆಂಕಿ ಉಗುಳುವ ಡ್ರ್ಯಾಗನ್ ಚಿತ್ರ. ಹಣೆಯ ಮೇಲೆ ಅಡ್ಡಡ್ಡ ಇಟ್ಟ ಕೊಡಲಿಗಳು, ಪಂಜು, ನೀರಿನ ಕೊಳವೆ ಇರುವ ಲಾಂಛನ. ಹಿಂದಿನ ಅಂಚು ಉದ್ದವಾಗಿ ಕುತ್ತಿಗೆಯ ಮೇಲೆ ಇಳಿದಿರುತ್ತದೆ. ಕಾದ ನೀರು, ಕೆಂಡ ಬೆನ್ನಿನೊಳಗೆ ಇಳಿಯದಿರಲಿ ಎಂದು. ಗಲ್ಲದ ಕೆಳಗೆ ಚರ್ಮದ ಪಟ್ಟಿಯ ಮೇಲೆ ಜೋಡಿಸಿದ ಹಿತ್ತಾಳೆಯ ಸರಪಳಿ. ಒಳಗೆ ಚರ್ಮದ ಅಸ್ತರಿ. ತಲೆಗೂ ಲೋಹಕ್ಕೂ ನಡುವೆ ಅದು ಗಾಳಿಯ ಜಾಗ ಉಳಿಸುತ್ತದೆ. ಎಲ್ಲ ಸೇರಿ ತೂಕ ಒಂದು ಕಿಲೋ ಆಸುಪಾಸು. ಸಾಮಾನ್ಯ ದಳದವರಿಗೆ ಹಿತ್ತಾಳೆ, ಅಧಿಕಾರಿಗಳಿಗೆ ಬೆಳ್ಳಿಬಣ್ಣದ ಲೇಪ. ಹೊಗೆಯ ನಡುವೆಯೂ ಯಾರ ಮಾತು ಕೇಳಬೇಕೆಂದು ಗೊತ್ತಾಗುತ್ತಿತ್ತು.

ಹೊಳಪಿಗೂ ಕೆಲಸವಿತ್ತು. ಚೆನ್ನಾಗಿ ಬೆಳಗಿದ ಲೋಹ ಶಾಖದ ಕಿರಣಗಳನ್ನು ಹಿಂದಕ್ಕೆ ತಳ್ಳುತ್ತದೆ, ಮಸಿ ಹಿಡಿದದ್ದು ಹೀರಿಕೊಳ್ಳುತ್ತದೆ. ಹಾಗಾಗಿ ಟೋಪಿ ಉಜ್ಜುವುದು ಠಾಣೆಯ ನಿತ್ಯದ ಶಿಸ್ತಾಗಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ: ಹಳೆಯ ಟೋಪಿಯ ಡ್ರ್ಯಾಗನ್ನಿನ ಮೂಗು ಸವೆದಿದ್ದರೆ ಅದಕ್ಕೆ ಕಾರಣ ಬೆಂಕಿಯಲ್ಲ, ಯಾರೋ ವರ್ಷಗಟ್ಟಲೆ ಅದನ್ನು ಉಜ್ಜಿದ್ದು.

ಕಡಲು ದಾಟಿ ಬಂದದ್ದು, ಕರೆಂಟಿಗೆ ಸೋತದ್ದು

ಬ್ರಿಟಿಷರ ಆಡಳಿತವಿದ್ದ ಕಡೆಯೆಲ್ಲ ಲಂಡನ್ನಿನ ಮಾದರಿ ಹಬ್ಬಿತು. ನಮ್ಮ ದೊಡ್ಡ ಬಂದರು ನಗರಗಳ ದಳಗಳೂ ಆ ಮಾದರಿಯನ್ನೇ ಅನುಸರಿಸಿದವು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾದ ಅನಂತಪುರ ಜಿಲ್ಲೆ, ಅಂದರೆ ನಮ್ಮ ಗೋರಂಟ್ಲ, ಹಿಂದೂಪುರಗಳೆಲ್ಲ ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಮದರಾಸು ನಗರದ ಅಗ್ನಿಶಾಮಕ ಸೇವೆ ಆರಂಭವಾದದ್ದು 1908ರಲ್ಲಿ. ದೊಡ್ಡ ರೈಲ್ವೆ ಕಾರ್ಖಾನೆಗಳಲ್ಲೂ ಬೆಂಕಿ ನಂದಿಸುವ ಯಂತ್ರಗಳಿದ್ದವು. ಹೈದರಾಬಾದಿನ ನಿಜಾಮರ ರೈಲ್ವೆಯ 1914ರ ಜಾನ್ ಮಾರಿಸ್ ಬೆಂಕಿಯಂತ್ರವನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಶಾಲಾ ಪ್ರವಾಸಕ್ಕೆ ದೆಹಲಿಗೆ ಹೋದವರು ತಪ್ಪಿಸಿಕೊಳ್ಳಬೇಡಿ.

ಹಿತ್ತಾಳೆಯ ಟೋಪಿಯನ್ನು ಕೊನೆಗೆ ಕೆಳಗಿಳಿಸಿದ್ದು ಬೆಂಕಿಯಲ್ಲ, ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಲೋಕದ ಎಲ್ಲ ನಗರಗಳ ಗೋಡೆಗಳ ಒಳಗೂ ತಂತಿಗಳು ಓಡಿದವು. ಸುಡುತ್ತಿರುವ ಮನೆಯಲ್ಲಿ ಮೊದಲು ಕಳಚಿ ಜೋತು ಬೀಳುವುದು ಈ ತಂತಿಗಳೇ. ಕೆಳಗೆ ಒದ್ದೆಯಾದ ನೆಲ, ಮೇಲೆ ಜೀವಂತ ತಂತಿ, ನಡುವೆ ಲೋಹದ ಟೋಪಿ ತೊಟ್ಟ ಮನುಷ್ಯ. ಕಾಪಾಡಲು ಬಂದ ಟೋಪಿಯೇ ಅಪಾಯ ತರುವಂತಾಯಿತು. 1930ರ ದಶಕದ ಎರಡನೇ ಅರ್ಧದಲ್ಲಿ ಲಂಡನ್ ಅದನ್ನು ಕೈಬಿಟ್ಟು, ವಿದ್ಯುತ್ ಹರಿಯದ ಟೋಪಿಗೆ ಬದಲಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಂಥ ಕಡೆ 1960ರ ದಶಕದವರೆಗೂ ಹಿತ್ತಾಳೆ ಉಳಿದಿತ್ತು.

ಬಳಕೆ ತಪ್ಪಿದ ಹಿತ್ತಾಳೆಯ ಗತಿ ನಮಗೆಲ್ಲ ಗೊತ್ತು. ಹಳೆ ಹಿತ್ತಾಳೆ ಕೊಟ್ಟು ಹೊಸ ಸ್ಟೀಲ್ ಪಾತ್ರೆ ತೆಗೆದುಕೊಂಡ ಅಜ್ಜಿಯರ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಗುಜರಿಯ ತಕ್ಕಡಿ ಚರಿತ್ರೆ ಕೇಳುವುದಿಲ್ಲ, ತೂಕ ಮಾತ್ರ ಕೇಳುತ್ತದೆ. ಆದ್ದರಿಂದ ಕರಗದೆ ಉಳಿದ ಒಂದೊಂದು ಶಿರಸ್ತ್ರಾಣಕ್ಕೂ ಬೆಲೆಯಿದೆ.

ಮೊದಲ ಕೆಲಸ: ಮುಟ್ಟದೆ ನೋಡುವುದು

ಅಂಥದ್ದೊಂದು ನಿಮ್ಮ ಕೈಗೆ ಬಂದಿತು ಎಂದಿಟ್ಟುಕೊಳ್ಳಿ. ನೀರನ್ನೂ ಬಟ್ಟೆಯನ್ನೂ ದೂರವಿಡಿ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಒಳಗಿನ ಚರ್ಮದ ಮೇಲೆ ಹೆಸರು, ಅಂಚಿನಲ್ಲಿ ಒತ್ತಿದ ಸಂಖ್ಯೆ, ತಯಾರಕರ ಗುರುತು ಇದೆಯೇ ನೋಡಿ ಬರೆದುಕೊಳ್ಳಿ. ಒಮ್ಮೆ ಉಜ್ಜಿದ ಮೇಲೆ ಮಸುಕಾದ ಅಕ್ಷರ ಮತ್ತೆ ಬರುವುದಿಲ್ಲ.

ಅಸಲಿಯೋ ನಕಲಿಯೋ ಎಂಬುದನ್ನೂ ಈ ಹಂತದಲ್ಲೇ ಗಮನಿಸಬೇಕು. ನಮ್ಮ ದೇಶದಲ್ಲೇ ಅಲಂಕಾರಕ್ಕಾಗಿ ಇಂಥ ಹೊಸ ಟೋಪಿಗಳನ್ನು ಮಾಡಿ ಮಾರುತ್ತಾರೆ. ಅದರಲ್ಲಿ ತಪ್ಪಿಲ್ಲ, ಅದನ್ನೇ ಹಳೆಯದೆಂದು ಮಾರುವುದು ಮೋಸ. ಹೊಸದರ ತಗಡು ತೆಳುವಾಗಿರುತ್ತದೆ, ಡ್ರ್ಯಾಗನ್ನಿನ ಗೆರೆಗಳು ಮೊಂಡಾಗಿರುತ್ತವೆ, ಒಳಗಿನ ಅಸ್ತರಿ ನೆಪಕ್ಕೆ ಮಾತ್ರ ಇರುತ್ತದೆ. ಹಳೆಯದರಲ್ಲಿ ಸವೆತ ಕೈ ಮುಟ್ಟುವ ಕಡೆ, ಬಟ್ಟೆ ಉಜ್ಜುವ ಕಡೆ ಮಾತ್ರ ಇರುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಹಳತಾಗಿ ಕಂಡರೆ ಅನುಮಾನಿಸಿ.

ಹುಣಸೆಹಣ್ಣು ಯಾಕೆ ಬೇಡ

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು ಸೇರಿದ ಲೋಹ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲವಿದೆ. ಅದು ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಅದಕ್ಕೇ ಬಿಂದಿಗೆ ಫಳಫಳ ಹೊಳೆಯುವುದು. ಬಿಂದಿಗೆಯನ್ನು ತಕ್ಷಣ ತೊಳೆದು ಒರೆಸಬಹುದು. ಆದರೆ ಶಿರಸ್ತ್ರಾಣದ ಏಣಿನ ಸಂದು, ಲಾಂಛನದ ಹಿಂಬದಿ, ಮೊಳೆಗಳ ಸುತ್ತ ಇಳಿದ ಹುಳಿ ಮತ್ತು ಉಪ್ಪು ಹೊರಗೆ ಬರುವುದಿಲ್ಲ. ಒಳಗೇ ಕುಳಿತು ತಿಂಗಳುಗಟ್ಟಲೆ ತಿನ್ನುತ್ತದೆ. ಸತು ಮೊದಲು ಕರಗಿ ಹೋದ ಕಡೆ ತಾಮ್ರ ಮಾತ್ರ ಉಳಿದು ಕೆಂಪು ಕಲೆಗಳು ಏಳುತ್ತವೆ. ಅದನ್ನು ಮತ್ತೆ ಹಳದಿ ಮಾಡಲಾಗದು.

ಅಂಗಡಿಯ ಪಾಲಿಶ್ ತಂದರೆ? ಕೆಲವು ದ್ರವ ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ. ಅಮೋನಿಯಾ ಹಿತ್ತಾಳೆಗೆ ಏನು ಮಾಡುತ್ತದೆ ಎಂಬ ಪಾಠವನ್ನು ಲೋಕ ಕಲಿತದ್ದು ಭಾರತದಲ್ಲಿ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ತೆಗೆದಿಡುತ್ತಿತ್ತು. ಮಳೆ ಮುಗಿದ ಮೇಲೆ ನೋಡಿದರೆ ಹಿತ್ತಾಳೆಯ ತೋಟೆಗಳಲ್ಲಿ ಬಿರುಕು! ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ಋತುಮಾನಕ್ಕೆ ತಕ್ಕಂತೆ ಬರುವ ಬಿರುಕು ಎಂದು ಹೆಸರಿಟ್ಟರು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ, ತಗಡನ್ನು ಒತ್ತಿ ರೂಪ ಕೊಡುವಾಗ ಅದರೊಳಗೆ ಉಳಿದ ಬಿಗಿತ, ಎರಡೂ ಸೇರಿ ಲೋಹವನ್ನು ಸೀಳುತ್ತಿದ್ದವು. ಶಿರಸ್ತ್ರಾಣವೂ ಬಡಿದು ಒತ್ತಿ ಮಾಡಿದ ತಗಡೇ. ಜಜ್ಜಿದ ಕಡೆ ಬಿಗಿತ ಇನ್ನೂ ಹೆಚ್ಚು. ಆದ್ದರಿಂದ ಬಾಟಲಿಯ ಮೇಲಿನ ಬರಹ ಓದದೆ ಪಾಲಿಶ್ ಹಚ್ಚಬೇಡಿ.

ಹಾಗಾದರೆ ಸರಿಯಾದ ದಾರಿ ಯಾವುದು?

ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಉಗುರುಬೆಚ್ಚಗಿನ ನೀರಿಗೆ ಸೌಮ್ಯ ಸೋಪಿನ ಒಂದೆರಡು ಹನಿ ಹಾಕಿ, ಹತ್ತಿಯನ್ನು ಅದ್ದಿ ಹಿಂಡಿ ಲೋಹವನ್ನು ಮಾತ್ರ ಒರೆಸಿ. ಒಳಗಿನ ಚರ್ಮಕ್ಕೆ ನೀರು ತಾಗಬಾರದು. ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಚರ್ಮ ತಾಗುವ ಕಡೆ ಹಸಿರು ಮೇಣದಂಥ ಕಿಲುಬು ಇರುತ್ತದೆ. ಚರ್ಮಕ್ಕೆ ಸವರಿದ ಎಣ್ಣೆ ತಾಮ್ರದೊಂದಿಗೆ ಬೆರೆತು ಆದದ್ದು ಅದು. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಚಾಕು, ತಂತಿ ಬ್ರಷ್ ಬೇಡ. ಇಷ್ಟಾದ ಮೇಲೂ ಹೊಳಪು ಬೇಕೆನಿಸಿದರೆ ನುಣುಪಾದ ಶುದ್ಧ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಹತ್ತಿಯಿಂದ ತುಸುವೇ ಉಜ್ಜಬಹುದು. ಪ್ರತಿ ಉಜ್ಜಿನಲ್ಲೂ ಸ್ವಲ್ಪ ಲೋಹ ಹೋಗುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಕೊನೆಗೆ ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಸೂಕ್ಷ್ಮ ಮೇಣವನ್ನು ತೆಳುವಾಗಿ ಹಚ್ಚಿದರೆ ಗಾಳಿಯ ತೇವದಿಂದ ರಕ್ಷಣೆ. ಮುಂದೆ ಬೇಡವೆನಿಸಿದರೆ ಅದನ್ನು ತೆಗೆಯಲೂಬಹುದು. ನೀವು ಮಾಡುವ ಕೆಲಸವನ್ನು ನಾಳೆ ಇನ್ನೊಬ್ಬರು ಬಿಡಿಸುವಂತಿರಬೇಕು. ಸಂರಕ್ಷಕರು ಪಾಲಿಸುವ ಮುಖ್ಯ ನಿಯಮಗಳಲ್ಲಿ ಇದೊಂದು.

ಒಳಗಿನ ಚರ್ಮ ಒಣಗಿ ಕೆಂಪು ಪುಡಿ ಉದುರುತ್ತಿದ್ದರೆ ಎಣ್ಣೆ ಸವರಬೇಡಿ. ಎಣ್ಣೆ ಕುಡಿದ ಚರ್ಮ ಕಪ್ಪಾಗುತ್ತದೆ, ಮತ್ತೆ ಕಿಲುಬಿಗೆ ದಾರಿಯಾಗುತ್ತದೆ. ಒಳಗೆ ಮೆತ್ತನೆಯ ಬಿಳಿ ಹತ್ತಿ ಬಟ್ಟೆ ತುಂಬಿ ಆಕಾರ ಉಳಿಸಿದರೆ ಸಾಕು. ಹಳೆ ಪತ್ರಿಕೆಯಲ್ಲಿ ಸುತ್ತಿಡಬೇಡಿ. ಆ ಕಾಗದದಲ್ಲೂ ಆಮ್ಲವಿದೆ. ಬರಿಗೈಯ ಬೆವರಿನಲ್ಲಿ ಉಪ್ಪಿದೆ, ಕೈಗವಸು ಹಾಕಿ ಮುಟ್ಟಿ. ಒಣಹವೆಯ ನಮ್ಮ ಸೀಮೆ ಮಾತ್ರ ಇಲ್ಲಿ ನಮಗೆ ಸಹಾಯ ಮಾಡುತ್ತದೆ: ಕರಾವಳಿಯಲ್ಲಿ ಬೇಗ ಕಪ್ಪಾಗುವ ಹಿತ್ತಾಳೆ ಇಲ್ಲಿ ಹೆಚ್ಚು ಕಾಲ ತಾಳುತ್ತದೆ.

ಜಜ್ಜಿದ ಜಾಗವನ್ನು ಏನು ಮಾಡುವುದು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಜಜ್ಜಿದ ಕಡೆ ಒಳಗಿನಿಂದ ತಟ್ಟಿ ಸಮ ಮಾಡುವುದು ಪಾತ್ರೆ ರಿಪೇರಿಯವರಿಗೆ ನಿತ್ಯದ ಕೆಲಸ. ಆದರೆ ಹಳೆಯ ಹಿತ್ತಾಳೆ ಬಡಿತಕ್ಕೆ ಗಡಸಾಗಿರುತ್ತದೆ, ಇನ್ನೊಮ್ಮೆ ಬಡಿದರೆ ಸೀಳಬಹುದು. ಕಾಯಿಸಿ ಮೆತ್ತಗೆ ಮಾಡೋಣವೆಂದರೆ ಬೆಸುಗೆ ಕರಗಿ ಭಾಗಗಳು ಬಿಚ್ಚಿಕೊಳ್ಳಬಹುದು. ಹೀಗಾಗಿ ಬಿರುಕು ಬೆಳೆಯುತ್ತಿದ್ದರೆ ಮಾತ್ರ ನುರಿತ ಕಮ್ಮಾರರ ಕೈಗೆ ಕೊಡಬೇಕು.

ಇನ್ನೊಂದು ಕಾರಣವೂ ಇದೆ. ಆ ಜಜ್ಜು ಹೇಗೆ ಆಯಿತು? ಅಟ್ಟದಿಂದ ಬಿದ್ದಿರಬಹುದು. ಇಲ್ಲವೇ ಒಂದು ರಾತ್ರಿ, ಉರಿಯುವ ಮನೆಯೊಳಗೆ, ಯಾರದೋ ತಲೆಯ ಮೇಲೆ ಬೀಳಬೇಕಿದ್ದ ತೊಲೆಯ ಪೆಟ್ಟನ್ನು ಈ ತಗಡು ತಾನೇ ತಿಂದಿರಬಹುದು. ಹಾಗಿದ್ದರೆ ಆ ಟೋಪಿ ಹುಟ್ಟಿದ್ದಕ್ಕೆ ಸಾರ್ಥಕವಾದದ್ದು ಆ ಗಳಿಗೆಯಲ್ಲಿ. ಅದನ್ನು ತಟ್ಟಿ ಅಳಿಸಿದರೆ ಹೊಸ ಅಲಂಕಾರದ ಟೋಪಿಗೂ ಇದಕ್ಕೂ ಏನು ವ್ಯತ್ಯಾಸ? ಹೊಳಪನ್ನು ಯಾವಾಗ ಬೇಕಾದರೂ ತರಬಹುದು. ತೊಟ್ಟವನ ಗುರುತು ಒಮ್ಮೆ ಹೋದರೆ ಹೋಯಿತು. ಹಳೆಯ ವಸ್ತುವನ್ನು ಸರಿಪಡಿಸುವಾಗ ನಾವು ಕಾಪಾಡಬೇಕಾದದ್ದು ಮೊದಲು ಆ ಮನುಷ್ಯನ ಗುರುತನ್ನು.

ಆ ಮನುಷ್ಯರು ಎಂಥವರು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ದಿನ ಸಾಕ್ಷಿ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ದಳದವರು ಹತ್ತಿರದಲ್ಲೇ ನಿಂತು ನೀರು ಹಾಯಿಸುತ್ತಿದ್ದರು. ಸಂಜೆ ನಾಲ್ಕು ದಾಟುತ್ತಿದ್ದಂತೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ ಸಿಡಿಯಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಅವರ ನೆನಪಿಗಾಗಿಯೇ ದೇಶದಾದ್ಯಂತ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ.

ಮೇ 4 ಅಂತರರಾಷ್ಟ್ರೀಯ ಅಗ್ನಿಶಾಮಕರ ದಿನ. ಆ ದಿನ ನಮ್ಮ ಸಭೆಯಲ್ಲಿ ಸಂತ ಫ್ಲೋರಿಯನ್ನರ ಸ್ಮರಣೆ. ರೋಮ್ ಸಾಮ್ರಾಜ್ಯದ ಅಧಿಕಾರಿಯಾಗಿದ್ದ ಅವರನ್ನು ವಿಶ್ವಾಸ ಬಿಡದ ಕಾರಣಕ್ಕೆ 304ರಲ್ಲಿ ಈಗಿನ ಆಸ್ಟ್ರಿಯಾದ ಎನ್ಸ್ ನದಿಗೆ ತಳ್ಳಿ ಕೊಂದರು ಎಂಬುದು ಸಂಪ್ರದಾಯ. ಉರಿಯುವ ಮನೆಯ ಮೇಲೆ ನೀರು ಸುರಿಯುವ ಸೈನಿಕನಂತೆ ಅವರನ್ನು ಚಿತ್ರಿಸುತ್ತಾರೆ. ಗಮನಿಸಿ, ಅವರ ಕೈಯಲ್ಲಿರುವುದು ನಮ್ಮ ಹಿರಿಯರು ಬಾವಿಯಿಂದ ಹೊತ್ತು ಓಡಿದಂಥ ನೀರಿನ ಪಾತ್ರೆಯೇ.

ನಮ್ಮ ಧರ್ಮಕೇಂದ್ರದ ಯುವಜನರಿಗೆ ಎರಡು ಸಣ್ಣ ಕೆಲಸಗಳನ್ನು ಸೂಚಿಸುತ್ತೇವೆ. ಮನೆಯಲ್ಲೋ ಚರ್ಚಿನ ಉಗ್ರಾಣದಲ್ಲೋ ಇರುವ ಹಳೆಯ ಹಿತ್ತಾಳೆಯ ವಸ್ತುವೊಂದನ್ನು ಈ ವಾರ ಹೊರಗೆ ತೆಗೆಯಿರಿ. ಉಜ್ಜುವ ಮೊದಲು ಅದರ ಮೇಲೆ ಹೆಸರು, ಇಸವಿ, ಗುರುತು ಇದೆಯೇ ನೋಡಿ. ಅದು ಯಾರದು, ಯಾವಾಗ ಬಂತು ಎಂದು ಹಿರಿಯರನ್ನು ಕೇಳಿ ಒಂದು ಪುಟ ಬರೆದಿಡಿ. ಇನ್ನೊಂದು, ಮುಂದಿನ ಏಪ್ರಿಲ್ ಸಪ್ತಾಹದಲ್ಲಿ ಹತ್ತಿರದ ಅಗ್ನಿಶಾಮಕ ಠಾಣೆಗೆ ಗುಂಪಾಗಿ ಹೋಗಿ ಬನ್ನಿ. ಈಗಿನ ಟೋಪಿಗಳು ಹಿತ್ತಾಳೆಯವಲ್ಲ. ಅವುಗಳನ್ನು ತೊಡುವವರಿಗೆ ನಿಮ್ಮ ಕೃತಜ್ಞತೆ ಹೇಳಿ ಬನ್ನಿ.